ಒಂದು ಹೊರಸಿಗೆ ಎರಡು ಸರ್ಕಾರ

ಐಷಾರಾಮದ ತೆರಿಗೆ ಕಟ್ಟಬೇಕು ಎಂಬ ಕಾಗದ ಬಂದ ದಿನ ನಾನು ಹೊರಸಿನ ಹಗ್ಗ ಬಿಗಿಯುತ್ತಿದ್ದೆ. ಒಂದು ಕಾಲನ್ನು ಮಂಚದ ಚೌಕಟ್ಟಿಗೆ ಒತ್ತಿ, ಎರಡೂ ಕೈಯಿಂದ ಹಗ್ಗ ಎಳೆದು ಹಿಡಿದಿದ್ದೆ. ಟಪಾಲಿನವನು ಬಾಗಿಲಲ್ಲಿ ನಿಂತು ಸಹಿ ಮಾಡಿ ಅಂದ. ಕೈ ಬಿಟ್ಟರೆ ಬೆಳಗಿನಿಂದ ಮಾಡಿದ್ದೆಲ್ಲ ಸಡಿಲ. ‘ನಿಂದ್ರು’ ಅಂದೆ. ನಿಂತ. ಗಂಟು ಹಾಕಿ, ಕೈ ಒರೆಸಿಕೊಂಡು ಹೋಗಿ ಸಹಿ ಮಾಡಿದೆ. ಹೆಬ್ಬೆಟ್ಟಲ್ಲ, ಸಹಿ. ನನಗೆ ಅಕ್ಷರ ಬರುತ್ತವೆ. ನನ್ನ ತವರು ಮಣ್ಣೂರಿನ ಸಾಲೆಯಲ್ಲಿ ಎರಡನೇ ಇಯತ್ತೆಯವರೆಗೆ ಕೂತಿದ್ದೆ. ಆಮೇಲೆ ಬಿಡಿಸಿ ಹೊಲಕ್ಕೆ ಕಳಿಸಿದರು. ಕೂಡಿಸಿ ಓದಲು ಹೊತ್ತು ಹಿಡಿಯುತ್ತದೆ, ಅಷ್ಟೆ.

ಆ ಕಾಗದಕ್ಕೆ ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ಕಲಬುರ್ಗಿಯ ವಾಣಿಜ್ಯ ತೆರಿಗೆ ಕಚೇರಿಯದು. ನಾನು ವಸತಿಗೃಹ ನಡೆಸುತ್ತಿದ್ದೇನಂತೆ. ಅಲ್ಲಿ ತಂಗುವವರು ಅನುಭವಿಸುವ ಐಷಾರಾಮದ ಮೇಲೆ ರಾಜ್ಯ ಸರ್ಕಾರಕ್ಕೆ ತೆರಿಗೆ ಸಲ್ಲಬೇಕಂತೆ. ನಾನು ಹೆಸರು ನೋಂದಾಯಿಸಿಲ್ಲವಂತೆ, ಯಾಕೆ ಎಂದು ಹೇಳಬೇಕಂತೆ. ಐಷಾರಾಮ ಎಂಬ ಶಬ್ದವನ್ನು ಮೂರು ಸಲ ಓದಿದೆ. ಎದ್ದು ಹೋಗಿ ಕೋಣೆಗಳನ್ನು ನೋಡಿ ಬಂದೆ. ಮಣ್ಣಿನ ಗೋಡೆ, ಮೇಲೆ ತಗಡು, ಕೋಣೆಗೆ ನಾಲ್ಕು ಹೊರಸು, ಗೋಡೆಗೆ ನಾಲ್ಕು ಮೊಳೆ. ಅಂಗಿ ತೂಗುಹಾಕಲು ಮೊಳೆ ಹೊಡೆಸಿದ್ದೇ ತಪ್ಪಾಯಿತೇನೋ ಅನಿಸಿತು.

ನಾಲ್ಕು ದಿನಕ್ಕೆ ಪುರಸಭೆಯಿಂದಲೂ ಒಂದು ಬಂತು. ವಾಸದ ಮನೆಯನ್ನು ವ್ಯಾಪಾರಕ್ಕೆ ಬಳಸುತ್ತಿರುವುದರಿಂದ ಇನ್ನು ಮೇಲೆ ಮನೆಪಟ್ಟಿಯನ್ನು ಅಂಗಡಿಯ ದರದಲ್ಲಿ ಕಟ್ಟಬೇಕು, ಪರವಾನಗಿ ತೆಗೆಸಬೇಕು, ತಿಂಗಳೊಳಗೆ ಉತ್ತರ ಬಾರದಿದ್ದರೆ ಕೋಣೆಗಳಿಗೆ ಬೀಗ ಹಾಕಲಾಗುವುದು. ಬೀಗ ಎಂಬುದು ಎರಡೇ ಅಕ್ಷರ. ಅದನ್ನು ಓದಲು ಹೊತ್ತು ಹಿಡಿಯಲಿಲ್ಲ.

ಆಗ ಎಂಬತ್ತರ ದಶಕ ಅರ್ಧ ಕಳೆದಿತ್ತು. ನಮ್ಮ ಮನೆ ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ. ಮಾವ ಮೂಲತಃ ಜೇವರ್ಗಿ ಕಡೆಯ ಕೊಳಕೂರಿನವರು, ವ್ಯಾಪಾರಕ್ಕೆಂದು ಬಂದು ಇಲ್ಲಿ ಮನೆ ಕಟ್ಟಿಸಿದರು. ಅವರು ಸತ್ತ ಮೇಲೆ ಐದು ಮಂದಿ ಹಿರಿಯರ ಮುಂದೆ ಇಬ್ಬರು ಮಕ್ಕಳಿಗೆ ವಾಟಣಿ ಆಯಿತು. ಕೊಳಕೂರಿನ ಹೊಲ ಸಣ್ಣವನಿಗೆ, ಆಳಂದದ ಮನೆ ದೊಡ್ಡವನಿಗೆ. ದೊಡ್ಡವನೆಂದರೆ ನನ್ನ ಗಂಡ. ಎಲ್ಲ ಬಾಯಿಮಾತು. ಎಲೆ ಅಡಿಕೆ ಹಾಕಿಕೊಂಡು ಎದ್ದರು. ನನ್ನ ಗಂಡ ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಬಂಡಿ ಹೊಡೆದು ಚೀಲ ಸಾಗಿಸುತ್ತಿದ್ದ. ಒಂದು ಬೇಸಿಗೆಯಲ್ಲಿ ಜ್ವರ ಬಂದು ಎಂಟು ದಿನಕ್ಕೆ ಸತ್ತ. ನಮಗೆ ಮಕ್ಕಳಿಲ್ಲ. ಅತ್ತು ಕೂತರೆ ಒಲೆ ಉರಿಯುವುದಿಲ್ಲವಲ್ಲ, ಎತ್ತು ಮಾರಿದೆ, ಆ ದುಡ್ಡಿನಲ್ಲಿ ಎತ್ತಿನ ಕೊಟ್ಟಿಗೆಯನ್ನೇ ಗೋಡೆ ಹಾಕಿಸಿ ಮೂರು ಕೋಣೆ ಮಾಡಿಸಿದೆ. ಊರವರು ನಕ್ಕರು. ದನ ಮಲಗುವ ಜಾಗದಲ್ಲಿ ಮಂದಿ ಮಲಗುತ್ತಾರೇನು ಅಂದರು. ಮಲಗಿದರು. ತೊಗರಿ ಸುಗ್ಗಿಯಲ್ಲಿ ಗಂಜಿಗೆ ಮಾಲು ತಂದು ಲಿಲಾವು ಆಗುವವರೆಗೆ ಕಾಯುವ ರೈತರು, ತಹಸೀಲಿ ಕಚೇರಿಗೆ ಎಡತಾಕುವವರು, ಉರುಸಿಗೆ ಸೊಲ್ಲಾಪುರದಿಂದ ಬರುವವರು, ಕಡೇ ಬಸ್ಸು ತಪ್ಪಿಸಿಕೊಂಡವರು. ಯಾರೂ ಮೂರು ದಿನಕ್ಕಿಂತ ಹೆಚ್ಚು ಇರುತ್ತಿರಲಿಲ್ಲ. ಹೊರಸಿಗೆ ಇಷ್ಟು ಎಂದು ದಿನದ ಬಾಡಿಗೆ. ರೊಟ್ಟಿಗೆ ದುಡ್ಡಿಲ್ಲ. ಮನೆಗೆ ಬಂದವರಿಗೆ ರೊಟ್ಟಿ ಹಾಕಿ ದುಡ್ಡು ಇಸಿದುಕೊಳ್ಳುವ ಪದ್ಧತಿ ನಮ್ಮ ಲಿಂಗವಂತರಲ್ಲಿ ಇಲ್ಲ. ಬಿಸಿ ರೊಟ್ಟಿ, ಪುಂಡಿಪಲ್ಯ, ನಂಜಿಕೊಳ್ಳಲು ಒಂದು ಚೂರು ಖಾರದ ಹಿಂಡಿ ಕೊಡುತ್ತಿದ್ದೆ. ಅದು ಬೇಕಾದರೆ ಉಣ್ಣಲಿ, ಬೇಡವಾದರೆ ಬಸ್ ಸ್ಟ್ಯಾಂಡಿನ ಖಾನಾವಳಿಗೆ ಹೋಗಲಿ.

ಎರಡೂ ಕಾಗದ ಹಿಡಿದು ಮೊದಲು ಕೇಳಿದ್ದು ಪುರಸಭೆಯ ಪಟ್ಟಿ ವಸೂಲಿಗೆ ಬರುತ್ತಿದ್ದ ಸಾಹೇಬರನ್ನು. ನಿಜಾಮರ ಕಾಲದ ಮನುಷ್ಯ, ಪುರಸಭೆಗೆ ಇನ್ನೂ ಬಲ್ದಿಯಾ ಎಂದೇ ಅನ್ನುತ್ತಿದ್ದರು. ವರ್ಷಕ್ಕೊಮ್ಮೆ ಸೈಕಲ್ ತಳ್ಳಿಕೊಂಡು ಬಂದು, ನನ್ನ ಕಟ್ಟೆಯ ಮೇಲೆ ಕೂತು, ಚಹಾ ಕುಡಿದು ಪಾವತಿ ಚೀಟಿ ಹರಿದು ಕೊಡುತ್ತಿದ್ದರು.

‘ಭಾಯಿ, ಏನಿದು? ಒಂದ ಹೊರಸು, ಎರಡು ಸರ್ಕಾರ?’

ಅವರು ಚಷ್ಮಾ ಏರಿಸಿ ಎರಡನ್ನೂ ಓದಿದರು. ‘ಎರಡೂ ಬ್ಯಾರೆ ಬ್ಯಾರೆ ಅಕ್ಕಾ. ಗ್ವಾಡಿ, ಮಾಳಿಗಿ, ಜಾಗಾ, ಇದು ಬಲ್ದಿಯಾದ್ದು. ಮಂದಿ ಬಂದು ಮಲಗಿ ಎದ್ದು ಹೋಗ್ತಾರಲ್ಲ, ಆ ಮಲಗೋದು ಬೆಂಗಳೂರ ಸರ್ಕಾರದ್ದು.’

‘ಗೊರಕಿ ಹೊಡಿಯೋದು ಯಾರದು? ದಿಲ್ಲೀದೇನು?’

‘ಅದಕ್ಕಿನ್ನಾ ಕಾಯದೆ ಬಂದಿಲ್ಲ ಬಿಡ್ರಿ. ಬಂದ್ರ ನಾನೇ ವಸೂಲಿಗೆ ಬರ್ತೇನಿ.’

ನಕ್ಕರು. ಆಮೇಲೆ ನಿಧಾನವಾಗಿ ತಿಳಿಸಿ ಹೇಳಿದರು. ಪುರಸಭೆಯ ಪಟ್ಟಿ ಕಟ್ಟಡದ ಮೇಲೆ. ಒಬ್ಬರು ಮಲಗಲಿ, ನೂರು ಮಂದಿ ಮಲಗಲಿ, ಯಾರೂ ಮಲಗದೆ ಇರಲಿ, ವರ್ಷಕ್ಕೊಮ್ಮೆ ಕಟ್ಟಲೇಬೇಕು. ನಾನೇ ಇರುವ ಜಾಗಕ್ಕೆ ಒಂದು ದರ, ದುಡಿಮೆಗೆ ಬಿಟ್ಟ ಜಾಗಕ್ಕೆ ಅದಕ್ಕಿಂತ ಹೆಚ್ಚಿನ ದರ. ರಾಜ್ಯದ್ದು ಹಾಗಲ್ಲ. ಅದು ದಿನದ ಬಾಡಿಗೆಯ ಮೇಲೆ. ಮಲಗಿದವರ ಕಡೆಯಿಂದ ಬಾಡಿಗೆಯ ಜೊತೆಗೆ ನಾನು ಇಸಿದುಕೊಂಡು ಕಲಬುರ್ಗಿಗೆ ಮುಟ್ಟಿಸಬೇಕು. ಆದರೆ ಎಲ್ಲ ಕೋಣೆಗೂ ಅಲ್ಲ. ಬಾಡಿಗೆ ಒಂದು ಮಿತಿ ದಾಟಿದರೆ ಮಾತ್ರ.

‘ಆ ಮಿತಿ ಎಷ್ಟು?’

‘ಅದು ನನಗ ಪಕ್ಕಾ ಮಾಲೂಮಿಲ್ಲ ಅಕ್ಕಾ. ಅವರ ಆದ್ಮಿ ಬಂದೇ ಬರ್ತಾನ. ಅವನ್ನೇ ಹಿಡಿದು ಕೇಳ್ರಿ. ಸಹಿ ಮಾತ್ರ ಓದದ ಮಾಡಬ್ಯಾಡ್ರಿ.’

ಆ ಆದ್ಮಿ ಬರುವ ಮೊದಲು ನನ್ನ ಮೈದುನ ಬಂದ. ಅವನಿರುವುದು ಜೇವರ್ಗಿಯಲ್ಲಿ. ವರ್ಷಗಟ್ಟಲೆ ಈ ಕಡೆ ತಲೆ ಹಾಕದವನು, ಕಾಗದ ಬಂದ ಎರಡನೇ ವಾರಕ್ಕೇ ಇಸ್ತ್ರಿ ಅಂಗಿ ಹಾಕಿಕೊಂಡು, ಕೈಯಲ್ಲೊಂದು ಕೊಬ್ಬರಿ, ಅರ್ಧ ಕಿಲೋ ಸಕ್ಕರೆ ಹಿಡಿದು ಬಂದ. ಉಂಡು ಕೈ ತೊಳೆದ ಮೇಲೆ ಮಾತು ತೆಗೆದ.

‘ವೈನಿ, ಹಿಂಗಿಂಗ ಆಗೇದಂತ ಕೇಳಿದೆ. ಇದಕ್ಕ ಭಾಳ ಸರಳ ದಾರಿ ಅದ. ಅಪ್ಪನ ಹೆಸರಿಲೆ ಧರ್ಮಶಾಲಾ ಅಂತ ಬರಸೂಣು. ಧರ್ಮಕ್ಕ ಪಟ್ಟಿನೂ ಇಲ್ಲ, ಟ್ಯಾಕ್ಸೂ ಇಲ್ಲ. ನೀವು ಹ್ಯಾಂಗೂ ರೊಟ್ಟಿ ಫುಕಟ್ ಹಾಕ್ತೀರಿ.’

‘ಹೊರಸಿಗೆ ರೊಕ್ಕ ತಗೋತೇನಲ್ಲೋ.’

‘ಅದಕ್ಕ ಕಾಣಿಕಿ ಅನ್ರಿ.’

‘ಕಾಣಿಕಿ ಅಂದ್ರ ಯಾರ ಕೊಡ್ತಾರ? ನೀ ಹಿಂದ ಎಷ್ಟು ಸಲ ಇಲ್ಲಿ ಮಲಗಿ ಎದ್ದು ಹೋಗೀದಿ. ಎಷ್ಟ ಕಾಣಿಕಿ ಇಟ್ಟೀದಿ?’

ಅವನ ಮೋರೆ ಸಣ್ಣಗಾಯಿತು. ಆದರೂ ಚೀಲದಿಂದ ಛಾಪಾ ಕಾಗದ ತೆಗೆದ. ಬರೆಸಿಕೊಂಡೇ ಬಂದಿದ್ದ. ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದ್ದ, ಹೆಬ್ಬೆಟ್ಟು ಒತ್ತುವಷ್ಟು ಅಗಲ.

‘ಇಟ್ಟು ಹೋಗು. ಓದಿ ನೋಡ್ತೇನಿ.’

‘ನೀವಾ? ಓದೂದು?’ ಅಂದ. ಬಾಯಿ ಮುಚ್ಚಿಕೊಂಡು ನಕ್ಕ. ‘ಓದ್ರಿ, ಓದ್ರಿ. ಮುಂದಿನ ಸುಗ್ಗಿತನ ಮುಗೀತದ.’

ಮುಂದಿನ ಸುಗ್ಗಿ ಬೇಕಾಗಲಿಲ್ಲ. ಮೂರು ದಿನ ಸಾಕಾಯಿತು. ಬೆಳಿಗ್ಗೆ ಜೋಳ ಹಸನು ಮಾಡಿ, ಆಮೇಲೆ ಬಾಗಿಲ ಬೆಳಕಿಗೆ ಕೂತು ಬೆರಳಿಟ್ಟು ಓದುತ್ತಿದ್ದೆ. ಮೊದಲ ಪುಟದ ತುಂಬ ಮಾವನ ಪುಣ್ಯದ ಮಾತು. ಎರಡನೇ ಪುಟದಲ್ಲಿ ಕೆಲಸದ ಮಾತು. ಮನೆ, ಕೋಣೆ, ಅಂಗಳ ಎಲ್ಲ ಧರ್ಮಶಾಲೆಗೆ ಸೇರಿದ್ದು. ಧರ್ಮಶಾಲೆಯ ಕಾರಭಾರ ಮನೆತನದ ಗಂಡುಮಕ್ಕಳಲ್ಲಿ ಹಿರಿಯನಿಗೆ, ಅವನ ನಂತರ ಅವನ ಮಕ್ಕಳಿಗೆ. ಗಂಡುಮಕ್ಕಳಲ್ಲಿ ಉಳಿದಿದ್ದವನು ಅವನೊಬ್ಬನೇ. ನನಗೆ ಅಡಿಗೆ ಮನೆಯಲ್ಲಿ ‘ದಯೆಯ ಮೇರೆಗೆ’ ಬದುಕಿರುವ ತನಕ ಇರಲು ಅವಕಾಶ.

ದಯೆ ಎಂಬ ಶಬ್ದದ ಮೇಲೆ ಬೆರಳು ನಿಂತಿತು. ಆ ಅಡಿಗೆ ಮನೆಯ ನೆಲ ಸಾರಿಸಿದ್ದು ನಾನು, ಒಲೆ ಹೂಡಿದ್ದು ನಾನು. ಮಾವ ಹಾಸಿಗೆ ಹಿಡಿದಾಗ ಎರಡು ವರ್ಷ ಅವರ ಹೇಲು ಬಳಿದವಳೂ ನಾನೇ. ಈ ಮೈದುನ ಆಗ ಹಬ್ಬಕ್ಕೆ ಬಂದು, ಅಪ್ಪನ ಕಾಲು ಮುಟ್ಟಿ, ಹೋಳಿಗೆ ಕಟ್ಟಿಸಿಕೊಂಡು ಹೋಗುತ್ತಿದ್ದ.

ಓಣಿಯವರಿಗೆ ಹೇಳಿದರೆ ಅವರೂ ಅವನ ಕಡೆಗೇ. ‘ತೆರಿಗಿ ತಪ್ಪತದಲ್ಲ ಬೇ, ಸಹಿ ಹಾಕು. ನಿನಗರೆ ಮುಂದ ಯಾರದಾರ?’ ಅಂದರು. ತೆರಿಗೆ ತಪ್ಪಿಸಿಕೊಳ್ಳುವುದೆಂದರೆ ನಮ್ಮಲ್ಲಿ ದೊಡ್ಡ ಜಾಣತನ. ತಪ್ಪಿಸಿಕೊಂಡದ್ದಕ್ಕೆ ಮನೆಯನ್ನೇ ಕೊಡಬೇಕಾದರೂ ಅದು ಜಾಣತನವೇ.

ಅದೇ ವಾರ ಕಲಬುರ್ಗಿಯ ಅಧಿಕಾರಿ ಬಂದ. ಮೈಸೂರು ಕಡೆಯ ಹುಡುಗ, ಕೆಲಸಕ್ಕೆ ಹೊಸಬ, ಬೂಟು ಹಾಕಿಕೊಂಡಿದ್ದ. ಬೂಟು ಎಲ್ಲಿ ಬಿಡಬೇಕೆಂದು ತಿಳಿಯದೆ ಅಂಗಳದಲ್ಲೇ ನಿಂತ.

‘ಇದೇನಾ ಲಾಡ್ಜು?’

‘ಲಾಡ್ಜ್ ಅಂತ ಯಾರಂದ್ರು? ಬೋರ್ಡ್ ಅದ ಏನ್ರಿ?’

‘ಅರ್ಜಿ ಬಂದಿದೆಯಮ್ಮ. ಜೇವರ್ಗಿಯಿಂದ ಯಾರೋ ಬರೆದಿದ್ದಾರೆ. ಕೋಣೆಗೆ ದೊಡ್ಡ ಬಾಡಿಗೆ ತಗೊಂಡು ಲಾಡ್ಜು ನಡೆಸ್ತಿದಾರೆ, ಸರ್ಕಾರಕ್ಕೆ ಮೋಸ ಅಂತ.’

ಜೇವರ್ಗಿಯಿಂದ. ಕೊಬ್ಬರಿ, ಸಕ್ಕರೆ ಯಾಕೆ ಬಂದಿದ್ದವೆಂದು ಆಗ ತಿಳಿಯಿತು. ಬೆಂಕಿ ಹಚ್ಚಿದವನೇ ನೀರು ಹೊತ್ತುಕೊಂಡು ಬಂದಿದ್ದ. ಅಧಿಕಾರಿಯ ಮುಂದೆ ಏನೂ ತೋರಿಸಿಕೊಳ್ಳಲಿಲ್ಲ. ‘ಬರ್ರಿ, ನೋಡ್ರಿ’ ಎಂದು ಕೋಣೆಗೆ ಕರೆದುಕೊಂಡು ಹೋದೆ.

ಕೋಣೆಯಲ್ಲಿ ಕೊಳಕೂರಿನ ರೈತನೊಬ್ಬ ಮಲಗಿದ್ದ. ಐವತ್ತು ದಾಟಿದವನು, ನನ್ನ ಖಾಯಂ ಗಿರಾಕಿ. ಕಲಬುರ್ಗಿ ಗಂಜಿನಲ್ಲಿ ದರ ಬಿದ್ದಾಗಲೆಲ್ಲ, ಆಳಂದಕ್ಕೆ ಲಾತೂರಿನ ಖರೀದಿದಾರರು ಬರುತ್ತಾರೆಂದು ತೊಗರಿಯನ್ನು ಲಾರಿಗೆ ಹೇರಿ ಇಲ್ಲಿಗೇ ತರುತ್ತಿದ್ದ. ಅಧಿಕಾರಿ ಅವನನ್ನೇ ಕೇಳಿದ: ‘ಇಲ್ಲಿ ನಿಮಗೆ ಏನೇನು ಸೌಕರ್ಯ ಕೊಡ್ತಾರೆ?’

ರೈತ ಎದ್ದು ಕೂತ. ‘ಭಾಳ ಅವ್ರಿ ಸಾಹೇಬ್ರ. ಬಸ್ಸಿನ ಸಪ್ಪಳಕ್ಕ ತಾನ ಎಚ್ಚರ ಆಗ್ತದ, ಗಡಿಯಾರ ಬೇಕಾಗೂದಿಲ್ಲ. ಮ್ಯಾಲ ಈ ಅಕ್ಕಾರ ಬೈಗಳ, ಅದಕ್ಕ ಬಾಡಗಿ ಹಿಡಿಯೂದಿಲ್ಲ.’

ಅಧಿಕಾರಿ ಬರೆದುಕೊಳ್ಳಲು ಒಂದು ಹೊರಸಿನ ಮೇಲೆ ಕೂತ. ‘ಕೋಣೆಗೆ ದಿನಕ್ಕೆ ಎಷ್ಟು?’

‘ಕೋಣೆಗಿಲ್ಲರಿ. ಹೊರಸಿಗೆ. ಎರಡು ರೂಪಾಯಿ.’

‘ಊಟ ಸೇರಿ?’

‘ಊಟ ಮಾರೂದಿಲ್ಲ ನಾ.’

‘ಫ್ಯಾನು? ಬಿಸಿನೀರು?’

‘ಬಾಗಲ ತಗದ್ರ ಗಾಳಿ ಬರ್ತದ. ಬಿಸಿಲಿಗೆ ಕೊಡ ಇಟ್ರ ಬಿಸಿನೀರು.’

ಅಷ್ಟರಲ್ಲಿ ಅವನು ತೊಡೆ ಕೆರೆದುಕೊಂಡು ತಟ್ಟನೆ ಎದ್ದ. ಪ್ಯಾಂಟು ಜಾಡಿಸಿದ. ಹಗ್ಗ ಎಷ್ಟು ಬಿಗಿದರೂ ತಿಗಣೆ ಸಂದಿನಲ್ಲಿ ಇದ್ದೇ ಇರುತ್ತವೆ.

‘ಹೊಸಾ ಮಂದೀನ ಅವಕ್ಕ ಇಷ್ಟರಿ,’ ಅಂದ ಕೊಳಕೂರಿನವನು.

ಅಧಿಕಾರಿ ಮೊದಲ ಸಲ ನಕ್ಕ. ನಾಲ್ಕು ಹೊರಸಿನ ಬಾಡಿಗೆಯನ್ನು ಕೂಡಿಸಿದ. ನಾಲ್ಕನ್ನೂ ಸೇರಿಸಿ ಒಂದು ಕೋಣೆಯೆಂದು ಹಿಡಿದರೂ ಮಿತಿ ಬಹಳ ದೂರ ಉಳಿಯಿತು. ‘ರಾಜ್ಯದ ತೆರಿಗೆ ನಿಮಗೆ ಬರಲ್ಲಮ್ಮ. ಹಾಗಂತ ವರದಿ ಬರೀತೀನಿ. ಮುಂದೆ ಬಾಡಿಗೆ ಏರಿಸಿ ಮಿತಿ ದಾಟಿದರೆ ಆಗ ಬರುತ್ತೆ. ಪುರಸಭೆಯದ್ದು ನನ್ನ ಕೆಲಸ ಅಲ್ಲ, ಅದು ನೀವೇ ನೋಡ್ಕೊಳ್ಳಿ.’ ಆಮೇಲೆ ಪೆನ್ನು ಎತ್ತಿ ಹಿಡಿದ. ‘ಮಾಲೀಕರು ಅಂತ ಯಾರ ಹೆಸರು ಬರೀಲಿ? ಮನೆಪಟ್ಟಿ ಪಾವತಿ ತೋರಿಸಿ.’

ಟ್ರಂಕಿನಿಂದ ಗಂಟು ತಂದು ಬಿಚ್ಚಿದೆ. ಒಂದು ವರ್ಷವೂ ತಪ್ಪಿಸದೆ ಕಟ್ಟಿದ ಪಾವತಿಗಳು. ಅವನು ಒಂದೊಂದಾಗಿ ತಿರುವಿದ. ‘ಇದರಲ್ಲಿರೋ ಹೆಸರು ಯಾರದು?’

‘ನಮ್ಮ ಮಾವಂದು.’

‘ಎಲ್ಲಿದಾರೆ?’

‘ಸುಡುಗಾಡದಾಗ.’

‘ಅಯ್ಯೋ. ಹಾಗಾದರೆ ಈಗ ಮನೆ ಯಾರದು?’

‘ನಂದು.’

‘ಕಾಗದ ಹಾಗೆ ಹೇಳಲ್ವಲ್ಲಮ್ಮ.’

ಆ ತಪ್ಪು ಬೇರೆ ಯಾರದೂ ಅಲ್ಲ, ನನ್ನದೇ. ಗಂಡ ಸತ್ತ ವರ್ಷ ವಸೂಲಿ ಸಾಹೇಬರು ಕೇಳಿದ್ದರು: ಅಕ್ಕಾ, ಯಾರ ಹೆಸರಿಗೆ ಮಾಡಲಿ, ನಿಮ್ಮ ಯಜಮಾನರ ಹೆಸರು ಹೇಳ್ರಿ, ಅದರ ಕೆಳಗ ನಿಮ್ಮದು ಬರೀತೇನಿ. ಗಂಡನ ಹೆಸರನ್ನು ನಾನು ಅದುವರೆಗೆ ಬಾಯಿಯಲ್ಲಿ ತಂದಿರಲಿಲ್ಲ. ನಮ್ಮ ಕಡೆ ತರುವುದಿಲ್ಲ. ಮದುವೆ, ಸೀಮಂತದಲ್ಲಿ ನಾಲ್ಕು ಮಂದಿ ಹೆಂಗಸರು ಕಾಡಿದರೆ ಒಡಪು ಕಟ್ಟಿ, ಪ್ರಾಸದ ನಡುವೆ ಮುಚ್ಚಿ ಹೇಳಬೇಕು. ಸತ್ತವನ ಹೆಸರನ್ನು ಗಂಡಸರ ಮುಂದೆ ಬರಿದೇ ಹೇಗೆ ಹೇಳುವುದು? ‘ಇದ್ದದ್ದ ಇರಲಿ ಭಾಯಿ’ ಅಂದೆ. ಇದ್ದದ್ದು ಮಾವನ ಹೆಸರು. ಅದೇ ಉಳಿಯಿತು. ಒಂಬತ್ತು ವರ್ಷ ನನ್ನ ಬೆವರಿನ ದುಡ್ಡಿನಲ್ಲಿ ನಾನು ಸತ್ತವರ ಹೆಸರನ್ನು ಜೀವಂತ ಇಟ್ಟಿದ್ದೆ. ಒಂದು ಹೆಸರು ಹೇಳಲು ನಾಚಿದ್ದಕ್ಕೆ ಮೈದುನನ ಕೈಗೆ ಮನೆಯ ಬಾಗಿಲು ಕೊಟ್ಟಿದ್ದೆ.

ಅಧಿಕಾರಿ ಹೋದ ಮೇಲೆ ಕೊಳಕೂರಿನವನಿಗೆ ರೊಟ್ಟಿ ಹಾಕುತ್ತಾ ಎಲ್ಲ ಹೇಳಿದೆ. ಅವನು ತುತ್ತು ಕೈಯಲ್ಲೇ ಹಿಡಿದು ಕೇಳಿದ.

‘ನಿಮ್ಮ ಮೈದುನಂದು ನಮ್ಮೂರಾಗ ಹೊಲ ಅದಲ್ಲ, ಅದು ಯಾರ ಹೆಸರಿಲೆ ಅದ ಗೊತ್ತೇನ್ರಿ?’

‘ಅದೂ ಮಾವಂದೇ ಇರಬೇಕು.’

‘ಎಲ್ಲೀದು! ಅಪ್ಪ ಸತ್ತ ಆರು ತಿಂಗಳಿಗೇ ತನ್ನ ಹೆಸರಿಗೆ ಏರಿಸಿಕೊಂಡಾನ. ನಮ್ಮ ಹೊಲದ ಬಾಜೂನೇ ಅದರಿ. ಪಹಣಿಯೊಳಗ ನಾನೇ ಕಣ್ಣಾರೆ ನೋಡೀನಿ. ಕಂದಾಯ ತುಂಬೂದೂ ತನ್ನ ಹೆಸರಿಲೇನೇ.’

ಅವನಿಗೆ ಇನ್ನೊಂದು ರೊಟ್ಟಿ ಹಾಕಿದೆ.

ಮರುದಿನ ಪುರಸಭೆಗೆ ಹೋದೆ. ಹೆಸರು ಬದಲಿಸುವ ಅರ್ಜಿ ಬರೆಯುತ್ತಾ ಗುಮಾಸ್ತ ಕೇಳಿದ: ‘ಗಂಡನ ಹೆಸರು?’

ನಾನು ತಿರುಗಿ ನೋಡಿದೆ. ಹಿಂದೆ ಐದಾರು ಮಂದಿ ಸಾಲಿನಲ್ಲಿ ನಿಂತಿದ್ದರು.

‘ಹೇಳ್ರಿ ಯಮ್ಮಾ.’

ಪಕ್ಕದ ಮೇಜಿನವನು ತಲೆ ಎತ್ತದೆ ಅಂದ: ‘ಹಂಗ ಹ್ಯಾಂಗ ಹೇಳ್ತಾರ? ಒಂದು ಒಡಪು ಹಾಕ್ರಿ ಬೇ, ನಾವೂ ಕೇಳ್ತೇವಿ. ಕೆಲಸ ಹಗರ ಆಗ್ತದ.’

ಸಾಲಿನವರು ನಕ್ಕರು. ನಾನು ಗಂಡನ ಹೆಸರು ಹೇಳಿದೆ. ಅಪ್ಪನ ಹೆಸರು, ಅಡ್ಡಹೆಸರು ಕೂಡಿಸಿ, ಹೊರಗೆ ಕೂತವರಿಗೂ ಕೇಳುವ ಹಾಗೆ ಹೇಳಿದೆ. ಒಡಪಿಲ್ಲ, ಪ್ರಾಸವಿಲ್ಲ. ನಗುತ್ತಿದ್ದವರು ನಿಲ್ಲಿಸಿದರು. ಗುಮಾಸ್ತ ಬರೆದುಕೊಂಡ. ಮತ್ತೊಮ್ಮೆ ಹೇಳಲೇನು ಎಂದು ಕೇಳಿದೆ. ಬೇಡ ಅಂದ. ಏನಾಗುತ್ತದೋ ಎಂದು ಇಷ್ಟು ವರ್ಷ ಹೆದರಿದ್ದೆನಲ್ಲ, ಏನೂ ಆಗಲಿಲ್ಲ. ಹೊರಗೆ ಬಂದು ನಳದ ನೀರು ಕುಡಿದೆ.

ತಕರಾರಿದ್ದವರು ತಿಂಗಳೊಳಗೆ ಹೇಳಬೇಕೆಂದು ಪುರಸಭೆಯ ಗೋಡೆಗೆ ಕಾಗದ ಅಂಟಿಸಿದರು. ಮೈದುನ ತಕರಾರು ಹಾಕಿದ. ಇಬ್ಬರನ್ನೂ ಮುಖ್ಯಾಧಿಕಾರಿ ಕರೆಸಿದರು. ನಾನು ಹೋಗುವಷ್ಟರಲ್ಲಿ ಅವನು ಕುರ್ಚಿಯಲ್ಲಿ ಕೂತಿದ್ದ. ನನಗೆ ಕೂಡಲು ಹೇಳಲಿಲ್ಲ. ಇನ್ನೊಂದು ಕುರ್ಚಿ ಎಳೆದುಕೊಂಡು ನಾನೇ ಕೂತೆ.

‘ಸಾಹೇಬ್ರ, ನಾ ಏನ ಮನಿ ಕಸಗೊಳ್ಳಾಕ ಬಂದಿಲ್ಲ,’ ಅಂದ ಅವನು. ‘ಹೆಣ್ಮಗಳು, ಓದು ಬರಹ ಇಲ್ಲ, ತೆರಿಗಿ ಗಿರಿಗಿ ತಿಳಿಯೂದಿಲ್ಲ. ಅಪ್ಪನ ಹೆಸರು ಇದ್ದದ್ದು ಇರಲಿ. ಧರ್ಮಶಾಲಾ ಮಾಡಿದ್ರ ಆಕಿಗೂ ಚಿಂತಿ ತಪ್ಪತದ.’

ಮುಖ್ಯಾಧಿಕಾರಿ ನನ್ನ ಕಡೆ ತಿರುಗಿದರು. ‘ಏನಂತೀರಿ?’

‘ಚಲೋ ಮಾತು ಹೇಳ್ಯಾನ್ರಿ. ಅಪ್ಪನ ಹೆಸರು ಇರಬೇಕು. ಮನಿಗೂ ಇರಬೇಕು, ಕೊಳಕೂರ ಹೊಲಕ್ಕೂ ಇರಬೇಕು. ಅವನ ಹೊಲದ ಪಹಣಿ ತರಸ್ರಿ. ಅದನ್ನೂ ಇವತ್ತ ಅಪ್ಪನ ಹೆಸರಿಗೆ ವಾಪಸ್ ಮಾಡೂಣು. ಎರಡನ್ನೂ ಕೂಡಿಸಿ ಧರ್ಮಕ್ಕ ಬಿಡೂಣು. ನಾ ಈಗ ಸಹಿ ಹಾಕ್ತೇನಿ, ಅವನೂ ಹಾಕಲಿ.’



‘ಹೊಲ ಯಾರ ಹೆಸರಿಲೆ ಅದ ನಿಮ್ಮದು?’ ಎಂದು ಮುಖ್ಯಾಧಿಕಾರಿ ಕೇಳಿದರು.

‘ಅದು... ಅದು ವಾಟಣಿಯೊಳಗ ನನಗ ಬಂದದ್ದರಿ.’

‘ಹಂಗಾದ್ರ ವಾಟಣಿ ಆಗೇದ ಅಂತ ಆತು. ಮನಿ ಯಾರಿಗೆ ಬಂತು?’

ಅವನು ಮೇಜಿನ ಮೇಲಿನ ಗಾಜಿನ ಗುಂಡನ್ನು ಆಚೆ ಸರಿಸಿದ. ಆಮೇಲೆ ಅಂದ: ‘ಮಕ್ಕಳಿಲ್ಲರಿ ಆಕಿಗೆ. ನಾಳೆ ಮನಿ ಯಾರಿಗೆ?’

‘ನಾಳಿಂದು ನಾಳಿ,’ ಅಂದೆ ನಾನು. ‘ನೀ ಅರ್ಜಿ ಬರದು ಸರ್ಕಾರನ ನನ್ನ ಮನಿಗೆ ಕಳಿಸಿದ್ಯಲ್ಲ, ಅದು ಇವತ್ತ ಪಟ್ಟಿ ಕೇಳಾಕತ್ತೇದ. ಇವತ್ತ ಯಾರು ಕೊಡ್ತಾರ ಅದನ್ನ ಹೇಳು.’

ಅರ್ಜಿಯ ಮಾತು ಬಂದಾಗ ಅವನ ಕಿವಿ ಕೆಂಪಾಯಿತು.

ಮುಖ್ಯಾಧಿಕಾರಿ ಒಳ್ಳೆಯ ಮನುಷ್ಯ, ನನಗೆ ಕೆಡುಕಾಗಬಾರದೆಂದು ಬಿಡಿಸಿ ಹೇಳಿದರು: ‘ನೋಡ್ರಿ, ಹೆಸರು ನಿಮ್ಮದಾದ್ರ ಕೋಣೆಗೆ ಅಂಗಡಿ ದರ ಬೀಳ್ತದ. ಪರವಾನಗಿ ಫೀ ಬ್ಯಾರೆ. ಧರ್ಮಶಾಲಾ ಆದ್ರ ಮಾಫಿ ಆಗ್ತಿತ್ತು. ವಿಚಾರ ಮಾಡ್ರಿ.’

‘ವಿಚಾರ ಮಾಡೇ ಬಂದೇನ್ರಿ. ಬಾಡಗಿ ತಗೋತೇನಿ, ಕಾಣಿಕಿ ಅಂತ ಸುಳ್ಳ ಹೇಳೂದಿಲ್ಲ. ಅಂಗಡಿ ದರ ಹಾಕ್ರಿ. ಆದ್ರ ನನ್ನ ಅಡಿಗಿ ಮನಿಗೆ ಹಾಕಬ್ಯಾಡ್ರಿ, ಅಂಗಳಕ್ಕ ಹಾಕಬ್ಯಾಡ್ರಿ. ಅಲ್ಲಿ ಬಾಡಗಿ ಕೊಟ್ಟು ಯಾರೂ ಮಲಗೂದಿಲ್ಲ. ಟೇಪ್ ತಂದು ಅಳೀರಿ.’

ಅಳೆದರು. ಪುರಸಭೆಯವನು ಟೇಪಿನ ಒಂದು ತುದಿ ಹಿಡಿದ, ಇನ್ನೊಂದು ತುದಿ ನಾನು ಹಿಡಿದೆ. ಅವನು ಗೋಡೆಯ ಹೊರಮೈಯಿಂದ ಅಳೆಯಹೊರಟ. ಮಂದಿ ಗೋಡೆಯೊಳಗೆ ಮಲಗುವುದಿಲ್ಲ, ಒಳಗಿನಿಂದ ಅಳಿ ಅಂದೆ. ನಿಯಮ ಹಾಗಿಲ್ಲ ಅಂದ. ಅರ್ಧ ತಾಸು ಜಗಳವಾಡಿ ಆ ಮಾತಿನಲ್ಲಿ ನಾನು ಸೋತೆ. ಅಡಿಗೆ ಮನೆಯ ಮಾತಿನಲ್ಲಿ ಗೆದ್ದೆ. ಮೂರು ಕೋಣೆಗೆ ಒಂದು ದರ, ನಾನಿರುವ ಜಾಗಕ್ಕೆ ಹಳೆ ದರ. ಪರವಾನಗಿಯೂ ಬಂತು. ಹೊರಸಿಗೆ ನಾಲ್ಕಾಣೆ ಏರಿಸಬೇಕಾಯಿತು. ಕೊಳಕೂರಿನವನು ಗೊಣಗಿದ.

‘ಐಷಾರಾಮ ಹೆಚ್ಚಾತೇನ್ರಿ ಅಕ್ಕಾ?’

‘ಹೊರಸಿಗೆ ಎರಡು ಕಾಲು ರೂಪಾಯಿ, ಅಷ್ಟ. ಬ್ಯಾಡಾದ್ರ ಬಸ್ ಸ್ಟ್ಯಾಂಡಿನ ಕಟ್ಟಿ ಅದ, ಅಲ್ಲಿ ಹೋಗಿ ಮಲಗು.’

‘ಅಲ್ಲಿ ಬೈಯವರ ಯಾರದಾರ?’ ಎಂದು ನಾಲ್ಕಾಣೆ ತೆಗೆದುಕೊಟ್ಟ.

ಆ ವಿಚಾರಣೆ ಮುಗಿದು ನಾನು ಹೊರಗೆ ಬಂದಾಗ ಪುರಸಭೆಯ ಮೆಟ್ಟಿಲ ಮೇಲೆ ಮೈದುನ ನನಗಾಗಿ ನಿಂತಿದ್ದ. ಸಿಟ್ಟಿನಲ್ಲಿ ನಾಲಿಗೆ ತೊದಲುತ್ತಿತ್ತು. ‘ಹಟಕ್ಕ ಬಿದ್ದು ವರ್ಷಾ ರೊಕ್ಕ ಸುರೀತೀರಿ ವೈನಿ. ಮಾಫಿ ಆಗೂದು ಬಿಟ್ಟು ತೆರಿಗಿ ಬೇಡಿಕೊಂಡವರು ಈ ಊರಾಗ ನೀವೊಬ್ಬರೇ.’

‘ಸುರೀತೇನಿ. ನನ್ನ ಹೆಸರಿಲೆ ಸುರೀತೇನಿ. ನಿನಗ್ಯಾಕ ಉರೀಬೇಕು?’

ಅವನು ಬಸ್ಸು ಹತ್ತಿ ಹೋದ. ಆಮೇಲೆ ಅವನ ಮಗಳ ಮದುವೆಯಾಯಿತು. ನನಗೆ ಕರೆ ಬರಲಿಲ್ಲ. ಕೆಟ್ಟದೆನಿಸಲಿಲ್ಲ ಎಂದರೆ ಸುಳ್ಳು. ಆ ಹುಡುಗಿಗೆ ಹುಟ್ಟುಗೂದಲು, ಜವಳ, ತೆಗೆಸುವಾಗ ನನ್ನ ತೊಡೆಯ ಮೇಲೇ ಕೂರಿಸಿದ್ದರು. ಒಂದು ದಿನ ಮನಸ್ಸಿಗೆ ಕಸಿವಿಸಿಯಾಯಿತು, ಮರುದಿನ ಗಂಜಿಗೆ ಮಾಲು ಬಂತು, ಹನ್ನೆರಡು ಹೊರಸೂ ತುಂಬಿದವು, ರೊಟ್ಟಿ ಬಡಿಯುವುದರಲ್ಲಿ ಮರೆತೆ.

ಈಗಿನವರು ಕೇಳುತ್ತಾರೆ, ಅಷ್ಟೊಂದು ಕಟ್ಟುವ ಬದಲು ಮನೆಗೆ ಬರೀ ವಾಸ ಎಂದು ಬರೆಸಿ, ಸುಮ್ಮನೆ ನಾಲ್ಕು ಮಂದಿಯನ್ನು ಮಲಗಿಸಿಕೊಳ್ಳಬಹುದಿತ್ತಲ್ಲ ಎಂದು. ಮಲಗಿಸಿಕೊಳ್ಳಬಹುದಿತ್ತು. ಹಾಗೆ ಮಾಡಿದವರು ಇದ್ದಾರೆ. ಅವರ ಬಾಗಿಲಿಗೆ ಯಾರಾದರೂ ಬಂದು ಹೆದರಿಸಿದರೆ ಅವರು ಒಳಗೆ ಹೋಗಿ ಬಚ್ಚಿಟ್ಟುಕೊಳ್ಳುತ್ತಾರೆ. ನಾನು ಕಟ್ಟೆಯ ಮೇಲೆ ಕೂತಿರುತ್ತಿದ್ದೆ. ಯಾರು ಬಂದರೂ ಪಾವತಿ ಮುಖಕ್ಕೆ ಹಿಡಿಯುತ್ತಿದ್ದೆ. ಪಟ್ಟಿ ಕಟ್ಟಿದವಳು ಜಗಳಕ್ಕೂ ಹೋಗಬಹುದು, ಗಟಾರ ಬಳಿಸಿರೆಂದು ಪುರಸಭೆಯ ಬಾಗಿಲಲ್ಲಿ ಕೂಡಬಹುದು. ಹಾಗೆ ಎರಡು ಸಲ ಕೂತಿದ್ದೇನೆ. ಎರಡು ಸಲವೂ ಗಟಾರ ಬಳಿದರು.

ಮರುವರ್ಷದ ಬೇಡಿಕೆ ಚೀಟಿಯನ್ನು ವಸೂಲಿ ಸಾಹೇಬರೇ ತಂದುಕೊಟ್ಟರು. ಮಾಲೀಕರು ಎಂಬಲ್ಲಿ ನನ್ನ ಹೆಸರು, ಅದರ ಮುಂದೆ ನನ್ನ ಗಂಡನ ಹೆಸರು. ಬೆರಳಿಟ್ಟು ಓದಿದೆ, ಸರಿಯಾಗಿತ್ತು. ಕೆಳಗೆ ದರ ನೋಡಿದೆ. ಏರಿಸಿದ್ದರು. ಸಾಹೇಬರಿಗೆ ಚಹಾ ಕೊಟ್ಟು, ಸೆರಗು ಬಿಗಿದು, ಪುರಸಭೆಗೆ ನಡೆದೆ.